ಗುಡಿಸಲ ಮುಂದಿನ ಇದ್ದಿಲಕ್ಷರ

ಕೋಲು ಮೊದಲು ಬಿತ್ತೋ, ಬೆಂಕಿ ಮೊದಲು ಹತ್ತಿತೋ ಎಂಬುದನ್ನು ನಾನು ಈಗಲೂ ಮನಸ್ಸಿನಲ್ಲಿ ಹೊಂದಿಸುತ್ತಲೇ ಇರುತ್ತೇನೆ. ಒಮ್ಮೆ ಕೋಲೇ ಮೊದಲೆನಿಸುತ್ತದೆ. ಮೇಷ್ಟ್ರು ಕೈ ಅಡ್ಡ ಹಿಡಿದದ್ದು, ಒಣಗಿದ ತೊಗರಿ ಕಟ್ಟಿಗೆ ಮುರಿದಂಥ ಸದ್ದು, ಆಮೇಲೆ ಹೊಗೆ. ಇನ್ನೊಮ್ಮೆ ಹೊಗೆಯೇ ಮೊದಲು ಮೂಗಿಗೆ ಬರುತ್ತದೆ. ನಾನು ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದವನು. ಕಾರಣ ಮೊದಲು, ಕಾರ್ಯ ಆಮೇಲೆ ಎಂದು ಪರೀಕ್ಷೆಯಲ್ಲಿ ಬರೆದು ಪಾಸಾದವನು. ಆ ಒಂದು ಬೆಳಗನ್ನು ಮಾತ್ರ ಸಾಲಾಗಿ ನಿಲ್ಲಿಸುವುದು ನನ್ನಿಂದ ಆಗಿಲ್ಲ. ಆದ್ದರಿಂದ ಅದರ ಹಿಂದಿನದನ್ನು, ಸರಿಯಾಗಿ ನೆನಪಿರುವುದನ್ನು, ಮೊದಲು ಬರೆಯುತ್ತೇನೆ.

ಆಗ ಪ್ಲೇಗಿನ ಕಾಲ. ಬೆಂಗಳೂರಿನಲ್ಲಿ ನಮ್ಮ ಕಾಲೇಜು ಮುಚ್ಚಿತು. ಚಳ್ಳಕೆರೆಗೆ ಬಂದರೆ ಅಪ್ಪ ನನ್ನನ್ನು ಮನೆಯಲ್ಲಿ ಕೂರಲು ಬಿಡದೆ ಮೊಳಕಾಲ್ಮೂರಿಗೆ, ಅಕ್ಕನ ಬಳಿಗೆ, ಗಾಡಿ ಹತ್ತಿಸಿ ಕಳಿಸಿದರು. ಭಾವ ಪರಸ್ಥಳದಲ್ಲಿದ್ದರು. ಅಕ್ಕ ಕೈಗೂಸಿನೊಂದಿಗೆ ಒಬ್ಬಳೇ ಇದ್ದಳು, ಅದೂ ಮನೆಯಲ್ಲಲ್ಲ, ಊರ ಹೊರಗಿನ ಗುಡಿಸಲಲ್ಲಿ. ಊರಲ್ಲಿ ಇಲಿ ಬಿದ್ದಿತ್ತು. ಮನೆಯ ಸೂರಿನಿಂದ ಸತ್ತ ಇಲಿ ಕೆಳಗೆ ಬಿತ್ತೆಂದರೆ ಆ ಬೀದಿಯವರೆಲ್ಲ ಹೊರಡಬೇಕು. ನಾಲ್ಕು ಪಾತ್ರೆ, ಬೀಸುವ ಕಲ್ಲು, ಕಾಳು, ದನಕರು ಸಮೇತ ಊರೇ ಎದ್ದು ಬಂದು ಬಂಡೆಗುಡ್ಡದ ಕೆಳಗಿನ ಬಯಲಲ್ಲಿ ಕೂತಿತ್ತು. ನೇಯುವವರದೊಂದು ಸಾಲು, ಬೇಸಾಯದವರದೊಂದು ಸಾಲು, ಕೊನೆಗೆ ಕುರಿಯವರ ಗುಡಿಸಲು ಮತ್ತು ಕುರಿ ಕೂಡುವ ಮುಳ್ಳುಬೇಲಿಯ ರೊಪ್ಪಗಳು. ಮಗ್ಗಗಳು ಊರೊಳಗೇ ಉಳಿದಿದ್ದವು. ನೇಯುವವರು ಕೆಲಸವಿಲ್ಲದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು.

ಖಾಲಿಯಾದ ಊರಿಗೆ ಪ್ಲೇಗಿನ ಕಚೇರಿಯವರು ಬರುತ್ತಿದ್ದರು. ಯಾವ ಮನೆಯಲ್ಲಿ ಗಡ್ಡೆ ಎದ್ದು ಜನ ಸತ್ತಿದ್ದರೋ ಆ ಮನೆಯ ಬಾಗಿಲಿಗೆ ಡಾಂಬರಿನಲ್ಲಿ ಒಂದು ಗುರುತು ಹಾಕುವರು. ಗುರುತು ಬಿದ್ದ ಮನೆಯ ಹೆಂಚು ತೆಗೆದು ಬಿಸಿಲು ಬಿಡುವರು. ಹಾಸಿಗೆ, ಬಟ್ಟೆ, ಕಂಬಳಿ ಎಲ್ಲವನ್ನೂ ಬೀದಿಗೆ ತಂದು ಸುಡುವರು. ಸತ್ತವರ ಹತ್ತಿರದವರನ್ನು ಬೇರೆ ಕಡೆಗೆ ಕರೆದೊಯ್ದು ಕಾವಲಲ್ಲಿ ಇಡುವರು. ಅವರು ಬರೆದದ್ದೇನೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಅವರೂ ಹೇಳುತ್ತಿರಲಿಲ್ಲ. ಕಪ್ಪು ಗುರುತು ಎಂದರೆ ಸಾವು, ಸುಡುವುದು, ಮಕ್ಕಳನ್ನು ಕಿತ್ತುಕೊಂಡು ಹೋಗುವುದು. ಜನರಿಗೆ ತಿಳಿದದ್ದು ಅಷ್ಟೇ.

ಆ ಬಯಲಲ್ಲಿ ಶಾಲೆಯ ಮೇಷ್ಟ್ರೂ ಒಬ್ಬರು ಗುಡಿಸಲು ಹಾಕಿಕೊಂಡಿದ್ದರು. ಐವತ್ತು ದಾಟಿದವರು, ತೆಳ್ಳಗೆ ಎತ್ತರದ ಆಳು, ಮೂಲತಃ ಚಳ್ಳಕೆರೆ ಕಡೆಯವರೇ. ಊರಿನ ಶಾಲೆಯಲ್ಲಿ ಇಲಿ ಬಿದ್ದಾಗ ಕಚೇರಿಯವರು ಬೆಂಚು, ಚಾಪೆಗಳ ಜೊತೆ ಪುಸ್ತಕಗಳನ್ನೂ ಸುಟ್ಟಿದ್ದರು. ಮಕ್ಕಳು ಬಯಲಲ್ಲಿ ಅಲೆಯುವುದನ್ನು ನೋಡಲಾರದೆ ಅವರು ಮೂರು ಕಡೆ ತಡಿಕೆ ಕಟ್ಟಿ, ಮೇಲೆ ಹುಲ್ಲು ಹೊದಿಸಿ ಒಂದು ಚಪ್ಪರ ಎಬ್ಬಿಸಿದರು. ಹಳ್ಳದ ಮರಳು ತಂದು ಹರಡಿದರು. ಅದೇ ಶಾಲೆ. ಅಕ್ಕನ ಗುಡಿಸಲಲ್ಲಿ ಸುಮ್ಮನೆ ಕೂತಿದ್ದ ನನ್ನನ್ನು ಕಂಡು, "ಕಾಲೇಜಿನೋರು ನಮ್ ಮರಳಿಗೂ ಸ್ವಲ್ಪ ಬನ್ನಿ" ಎಂದು ನಕ್ಕು ಕರೆದರು. ಹೋದೆ.

ಪುಸ್ತಕವಿಲ್ಲದೆ ಓದು ಕಲಿಸುವುದು ಹೇಗೆಂದು ನನಗೆ ಕುತೂಹಲ. ಅವರು ಮಕ್ಕಳ ಬಾಯಲ್ಲಿದ್ದ ಮಾತನ್ನೇ ತೆಗೆದುಕೊಳ್ಳುತ್ತಿದ್ದರು. ಮೊದಲ ದಿನ ನಾನು ಕಂಡದ್ದು ಅಂಗೈ. ಕೈ ಎತ್ತಿ ತೋರಿಸಿ, "ಇದೇನು?" ಎಂದರು. ಮಕ್ಕಳು "ಅಂಗೈ" ಎಂದವು. ಮರಳಿನಲ್ಲಿ ಬೆರಳಿನಿಂದ ಬರೆದರು. ಆಮೇಲೆ ಅದೇ ಬೆರಳಿನಿಂದ ಮಾತಿನ ನಡುವೆ ಒಂದು ಗೆರೆ ಎಳೆದು, "ಇದ್ರಾಗೆ ನಿಮಗೆ ಗೊತ್ತಿರೋ ತುಂಡು ಯಾವುದು?" ಎಂದು ಕೇಳಿದರು. ಕೈ ಸಿಕ್ಕಿತು, ಸ್ವಲ್ಪ ರೂಪ ಬದಲಿಸಿಕೊಂಡು ಕೂತಿತ್ತು. ಹಾಗಾದರೆ ಮುಂಗೈ? ಅಂಗಾಲು? ಹಿಂಗಾಲು? ಒಂದು ಮಾತು ಒಡೆದರೆ ಅದರ ನೆಂಟರೆಲ್ಲ ಓಡಿ ಬರುತ್ತಿದ್ದರು. ಅಕ್ಷರ ಕಲಿಯಲು ಒದ್ದಾಡುತ್ತಿದ್ದ ಮಗುವೂ ಕಾಲಿನ ತುಂಡನ್ನು ಗುರುತು ಹಿಡಿದು ಉಳಿದದ್ದನ್ನು ಊಹಿಸಿ ಓದುತ್ತಿತ್ತು.

ನಾನು ಇಂಗ್ಲಿಷಿನ ಮಾತುಗಳನ್ನು ಹೀಗೆ ಮೂಲ, ಪ್ರತ್ಯಯ ಎಂದು ಬಿಡಿಸಿ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ದಿನವೂ ಆಡುವ ಮಾತಿಗೂ ಒಳಗೆ ಕೀಲುಗಳಿವೆ, ಅದನ್ನು ತೆಗೆದು ಮತ್ತೆ ಸೇರಿಸಬಹುದು ಎಂದು ಯೋಚಿಸಿರಲಿಲ್ಲ.

ಮೊಳಕಾಲ್ಮೂರಿನಲ್ಲಿ ಅರ್ಧ ಜನಕ್ಕೆ ಮನೆಯಲ್ಲಿ ತೆಲುಗು. ನೇಯುವವರ ಸಾಲಿನ ಮಕ್ಕಳನ್ನು ಕುರಿಯವರ ಮಕ್ಕಳು ಕಾಡಿಸುತ್ತಿದ್ದವು. ಒಂದು ದಿನ ಜಗಳವೇ ಎದ್ದಿತು.

"ಏ ತೆಲುಗೋನೆ, ಕೆರೆ ಅನ್ನಾಕೆ ಬರಲ್ವೇನಲೇ ನಿಂಗೆ? ಚೆರುವು ಅಂತೆ ಚೆರುವು!"

"ನೀನು ಅನ್ನಲೇ ಚೆರುವು ಅಂತ. ನಾಲಿಗೆ ಹೊಳ್ಳಲ್ಲ."

ಮೇಷ್ಟ್ರು ಇಬ್ಬರನ್ನೂ ಕರೆದು ಅಕ್ಕಪಕ್ಕ ಕೂರಿಸಿದರು. ಒಬ್ಬನ ಮುಂದೆ ಕೆರೆ ಎಂದು ಬರೆದರು, ಇನ್ನೊಬ್ಬನ ಮುಂದೆ ಚೆರುವು ಎಂದು. "ಕಿವಿಗೆ ನಿಮ್ಮನೇಲಿ ಏನಂತಾರಪ್ಪ?" "ಚೆವಿ." "ಕೈಗೆ?" "ಚೆಯ್ಯಿ." ಒಂದರ ಕೆಳಗೊಂದು ಬರೆಯುತ್ತ ಹೋದಂತೆ ಮಕ್ಕಳು ಸದ್ದಡಗಿ ಬಗ್ಗಿದವು. ಕೊನೆಗೆ ಕಾಡಿಸಿದ ಹುಡುಗನೇ, "ಮೇಷ್ಟ್ರೇ, ನಮ್ ಕ ಇರೋ ಜಾಗದಾಗೆ ಇವ್ರ ಚ ಕುಂತೈತೆ" ಎಂದ. "ಹೌದಪ್ಪ, ಯಾವುದೋ ಕಾಲದಾಗೆ ನಿಮ್ಮಿಬ್ಬರ ಮುತ್ತಜ್ಜಿ ಒಬ್ಬಳೇ ಇದ್ದಳು ಅಂತ ಕಾಣುತ್ತೆ. ಆಕೆ ಹೆಂಗೆ ಅಂತಿದ್ದಳೋ ನಂಗೊತ್ತಿಲ್ಲ" ಎಂದರು ಮೇಷ್ಟ್ರು. ಅವರು ನಂಗೊತ್ತಿಲ್ಲ ಎಂಬುದನ್ನು ಯಾವ ಸಂಕೋಚವೂ ಇಲ್ಲದೆ ಹೇಳುತ್ತಿದ್ದರು. ನಮ್ಮ ಕಾಲೇಜಿನಲ್ಲಿ ನಾನು ಆ ಮಾತನ್ನು ಕೇಳಿರಲಿಲ್ಲ.

ಆ ಮಕ್ಕಳಲ್ಲಿ ಒಬ್ಬಳು ಕುರಿಯವರ ಹುಡುಗಿ. ಎಂಟೋ ಒಂಬತ್ತೋ ವಯಸ್ಸು. ಅವಳ ತಾಯಿ ಊರಲ್ಲಿದ್ದಾಗಲೇ ಗಡ್ಡೆ ಎದ್ದು ತೀರಿಕೊಂಡಿದ್ದಳು. ಅವರ ಬಾಗಿಲಿಗೂ ಡಾಂಬರು ಬಿದ್ದಿತ್ತು. ತಾಯಿಯ ಸೀರೆಗಳು, ಹೊಸ ಕಂಬಳಿ ಎಲ್ಲ ಬೀದಿಯಲ್ಲಿ ಸುಟ್ಟು ಹೋಗಿದ್ದವು. ಅವಳನ್ನೂ ಅವಳ ತಂದೆಯನ್ನೂ ಕಾವಲಲ್ಲಿಟ್ಟು, ಜ್ವರ ಬರದಿದ್ದುದರಿಂದ ಬಿಟ್ಟಿದ್ದರು. ತಂದೆ ಮಾತು ಕಡಿಮೆಯ ಮನುಷ್ಯ. ಬೆಳಗಿನಿಂದ ಸಂಜೆಯವರೆಗೆ ಕುರಿಗಳ ಹಿಂದೆ ಗುಡ್ಡದಲ್ಲಿ. ಮಗಳು ರೊಪ್ಪದಲ್ಲಿ ಮರಿ ನೋಡಿಕೊಂಡಿರಬೇಕೆಂದು ಅವನ ಅಪ್ಪಣೆ. ಅವಳು ಮರಿಗಳಿಗೆ ಸೊಪ್ಪು ಹಾಕಿ, ಮುಳ್ಳು ಮುಚ್ಚಿ, ಶಾಲೆಗೆ ಓಡಿ ಬರುತ್ತಿದ್ದಳು. ಅವನಿಗೆ ಅದು ಅಷ್ಟಾಗಿ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ಮರಳಿನಲ್ಲಿ ಮನೆ ಎಂದು ಬರೆದರು. ಬಯಲಿಗೆ ಬಂದು ಎಷ್ಟೋ ಕಾಲವಾಗಿತ್ತು. ಮಕ್ಕಳಿಗೆ ಮನೆಯ ಮಾತಾದರೂ ಇರಲಿ ಎಂದು ಅವರಿಗೆ ಅನಿಸಿರಬೇಕು. "ಮನೆ ಒಳಗೆ ಸೇರಿಕೊಂಡಿರೋ ಮಾತು ಒಂದೊಂದು ಹುಡುಕಿಕೊಂಡು ಬರ್ರಿ. ಅಜ್ಜಿ, ತಾತ ಯಾರನ್ನಾದರೂ ಕೇಳ್ರಿ. ಬರೆದು ಅವರಿಗೂ ತೋರಿಸ್ರಿ" ಎಂದರು. ಆಗಲೇ ಕೂಗು ಎದ್ದಿತು. ಅಡಿಗೆಮನೆ, ಬಚ್ಚಲುಮನೆ, ದೇವರಮನೆ. ಅರಮನೆಯಲ್ಲಿ ಅರಸ ಇದ್ದಾನೆಂದು ಒಬ್ಬ ಕಂಡುಹಿಡಿದ.

ಕುರಿಯವರ ಹುಡುಗಿ ಎಲ್ಲರೂ ಸುಮ್ಮನಾದ ಮೇಲೆ ಕೇಳಿದಳು: "ತವರ್ಮನೆ ಒಳಗೂ ಮನೆ ಐತಲ್ಲ. ತವರು ಅಂದ್ರೇನು ಮೇಷ್ಟ್ರೇ?"

ಮೇಷ್ಟ್ರು ಆ ಮಾತನ್ನು ಮರಳಿನಲ್ಲಿ ಬರೆದು ನಡುವೆ ಗೆರೆ ಎಳೆದರು. "ತಾಯಿ ಊರು ಅಂತ ಕೆಲವರು ಹೇಳ್ತಾರೆ. ತಮ್ಮವರು ಅನ್ನೋದರಿಂದ ಬಂದಿರಬೇಕು ಅಂತ ನಂಗನ್ನಿಸುತ್ತೆ. ಸರಿಯಾಗಿ ನಂಗೊತ್ತಿಲ್ಲ ಮಗ. ನೀನು ಬರ್ಕೋ."

ಮಕ್ಕಳು ಚದುರಿದವು. ಮರಳು ಶಾಲೆಯಲ್ಲಿ ಮಾತ್ರ ಇತ್ತು. ಗುಡಿಸಲುಗಳ ಮುಂದೆ ನೆಲ ಗಟ್ಟಿ. ಬೆರಳಿನಲ್ಲಿ ಗೀರಿದರೆ ಕಾಣದು. ಆದರೆ ಆ ಬಯಲಲ್ಲಿ ಚಪ್ಪಡಿ ಕಲ್ಲಿಗೆ ಬರವಿಲ್ಲ. ಪ್ರತಿ ಗುಡಿಸಲ ಬಾಗಿಲಿಗೂ ಕಾಲಿಡಲು ಒಂದು ಕಲ್ಲು ಹಾಕಿದ್ದರು. ಒಲೆಯಲ್ಲಿ ಇದ್ದಿಲಿತ್ತು. ಯಾವ ಮಗು ಮೊದಲು ಮಾಡಿತೋ ತಿಳಿಯದು, ಒಂದನ್ನು ನೋಡಿ ಇನ್ನೊಂದು ಮಾಡಿತು. ಸಂಜೆಗೆ ಶಾಲೆಗೆ ಬರುವ ಮಕ್ಕಳಿದ್ದ ಗುಡಿಸಲುಗಳ ಬಾಗಿಲ ಕಲ್ಲುಗಳ ಮೇಲೆಲ್ಲ ಕಪ್ಪು ಅಕ್ಷರಗಳಿದ್ದವು. ಮಕ್ಕಳಿಲ್ಲದ ಗುಡಿಸಲುಗಳ ಮುಂದೆ ಏನೂ ಇರಲಿಲ್ಲ. ದನ ಕುರಿ ಹೊಡೆದುಕೊಂಡು ಬಂದವರಾಗಲಿ, ಒಲೆಯ ಮುಂದೆ ಕೂತವರಾಗಲಿ ಮಬ್ಬಿನಲ್ಲಿ ಅದನ್ನು ಗಮನಿಸಲಿಲ್ಲ.

ಬೆಳಕು ಹರಿದಾಗ ಕಂಡಿತು.

ನಾನೂ ಮೇಷ್ಟ್ರೂ ಚಪ್ಪರದ ಮುಂದೆ ನಿಂತು ಮರಳು ಸಮ ಮಾಡುತ್ತಿದ್ದೆವು. ಮಕ್ಕಳು ಆಗಲೇ ಒಳಗೆ ಸೇರಿದ್ದವು. ನೇಯುವವರ ಸಾಲಿನಿಂದ ಒಬ್ಬ ಹೆಂಗಸಿನ ಕಿರುಚಾಟ ಕೇಳಿತು. ಯಾರಿಗೋ ಜ್ವರ ಬಂದಿದೆ ಎಂದುಕೊಂಡೆ. ಆಮೇಲೆ ಇನ್ನೊಂದು ಕಡೆಯಿಂದ, ಮತ್ತೊಂದು ಕಡೆಯಿಂದ. ಗಂಡಸರು ಸಾಲಿನಿಂದ ಸಾಲಿಗೆ ಓಡಾಡತೊಡಗಿದರು. ಯಾರೋ ಒಬ್ಬ ಹುಡುಗನ ರಟ್ಟೆ ಹಿಡಿದು ಅಲುಗಾಡಿಸಿ ಕೇಳಿದ್ದಾರೆ. ಅವನು ಹೆದರಿ, "ಮೇಷ್ಟ್ರು ಬರ್ಸಿದ್ರು" ಎಂದಿದ್ದಾನೆ. ಅಷ್ಟು ಸಾಕಾಯಿತು.

ಗುಂಪು ನಮ್ಮ ಕಡೆ ತಿರುಗಿತು. ಮುಂದೆ ಆ ಹುಡುಗಿಯ ತಂದೆ, ಕೈಯಲ್ಲಿ ಕುರಿ ಕಾಯುವ ಕೋಲು. ಅವನ ಪಕ್ಕದಲ್ಲಿ ಬೇಸಾಯದವರ ಸಾಲಿನ ಒಬ್ಬ ಯುವಕ ಜೋಳದ ದಂಟಿನ ಕಟ್ಟಿಗೆ ಬೆಂಕಿ ಹಚ್ಚಿ ಹಿಡಿದಿದ್ದ. ತಾಯಂದಿರು ಮೊದಲು ನುಗ್ಗಿ ತಮ್ಮ ತಮ್ಮ ಮಕ್ಕಳನ್ನು ಚಪ್ಪರದಿಂದ ಎಳೆದುಕೊಂಡರು. ಮಕ್ಕಳು ಅಳುತ್ತಿದ್ದವು. ಮೇಷ್ಟ್ರು ಎರಡೂ ಕೈ ಚಾಚಿ ಬಾಗಿಲಲ್ಲಿ ನಿಂತರು.

"ಏನಾಯ್ತಪ್ಪ? ಯಾಕೆ ಹಿಂಗೆ ಬಂದ್ರಿ?"

"ಏನ್ ಬರ್ಸೀಯ ನಮ್ ಗುಡ್ಲ ಮುಂದೆ?" ಎಂದ ಹುಡುಗಿಯ ತಂದೆ. ಅವನ ದನಿ ದೊಡ್ಡದಾಗಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ.

"ಅದು ಮಕ್ಕಳು ಬರೆದ ಮಾತು ಕಣಪ್ಪ. ಪಾಠ. ಬಾ, ಓದಿ ಹೇಳ್ತೀನಿ."

"ಮಕ್ಕಳ ಕೈಯಾಗೆ ಬರ್ಸಿದೆಯಾ! ನಮ್ ಮಕ್ಕಳ ಕೈಯಾಗೆ ನಮ್ ಬಾಗ್ಲಿಗೆ ಬರ್ಸಿದೆಯಾ! ನನ್ ಹೆಂಡ್ರು ಹೋದಾಗ್ಲೂ ಹಿಂಗೇ ಕರ್ರಗೆ ಬರ್ದ್ರು. ಏನ್ ಬರ್ದೀವಿ ಅಂತ ಒಬ್ಬಾದ್ರೂ ಹೇಳಿದ್ನಾ?"

ಹಿಂದಿನಿಂದ ಯಾರೋ ಕೂಗಿದರು: "ಇಷ್ಟು ದಿನ ಮರಳ ಮ್ಯಾಲೆ ನಮ್ ಮನೆ ಲೆಕ್ಕ ಹಾಕ್ತಿದ್ದ ಕಣ್ರೋ. ಕಚೇರಿಯೋರ ಕಡೆಯೋನು!"

"ಆ ಕಾಲೇಜಿನೋನೂ ಅವರ ಪೈಕೀನೇ. ಬೆಂಗ್ಳೂರಿಂದ ಸುಮ್ನೆ ಬಂದಾನಾ ಇಲ್ಲಿಗೆ?"

"ಅವ್ರು ಬಂದು ನಮ್ಮನ್ನ ಸುಡೋಕೆ ಮುಂಚೆ ನಾವೇ ಇದನ್ನ ಸುಡ್ತೀವಿ. ಇಡ್ಲೇ ಬೆಂಕಿ!"

ಇಲ್ಲಿಂದ ಮುಂದಿನದೇ ನನಗೆ ಸಾಲಾಗಿ ಬರುವುದಿಲ್ಲ. ಕೋಲು ಮೇಷ್ಟ್ರ ತಲೆಗೆಂದೇ ಎದ್ದಿತ್ತು. ಅವರು ಬಲಗೈ ಅಡ್ಡ ತಂದರು. ಆ ಸದ್ದು. ಅವರು ಕೂಗಲಿಲ್ಲ, ಮೊಣಕಾಲೂರಿ ಕುಸಿದರು. ನಾನು ಅವರನ್ನು ಕಂಕುಳಲ್ಲಿ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದೆ. ಆ ಯುವಕ ದಂಟಿನ ಬೆಂಕಿಯನ್ನು ಸೂರಿನ ಮೂಲೆಗೆ ತಾಗಿಸಿದ್ದ. ಬೇಸಿಗೆಯ ಹುಲ್ಲು. ಊದುವ ಕೆಲಸವೂ ಇರಲಿಲ್ಲ. ಉರಿ ಸೂರಿನ ಅಂಚು ಹಿಡಿದು ಹರಿದುಕೊಂಡು ಹೋಯಿತು. ಕೋಲು ಎರಡನೆಯ ಸಲ ಎದ್ದಿತು. ನನ್ನ ತಲೆಯ ಮೇಲೆ ಅದರ ನೆರಳು ಬಿದ್ದದ್ದು ನೆನಪಿದೆ.

ಆಗ ಒಳಗಿನಿಂದ ಕೆಮ್ಮು ಕೇಳಿತು.

ಎಲ್ಲ ತಾಯಂದಿರೂ ತಮ್ಮ ಮಕ್ಕಳನ್ನು ಹೊರಗೆಳೆದಿದ್ದರು. ತಾಯಿಯಿಲ್ಲದ ಒಬ್ಬಳು ಒಳಗೆ ಉಳಿದಿದ್ದಳು. ಜನ ಬಂದದ್ದನ್ನೂ ಮುಂದೆ ತಂದೆಯಿದ್ದುದನ್ನೂ ಕಂಡು, ಮರಿ ಬಿಟ್ಟು ಬಂದದ್ದಕ್ಕೆ ಹೊಡೆಯುತ್ತಾನೆಂದು ಹಿಂದಿನ ತಡಿಕೆಗೆ ಅಂಟಿಕೊಂಡು ಕೂತಿದ್ದಳು.

"ಒಳಗೆ ಹುಡುಗಿ ಐದಾಳೆ!" ಎಂದು ಕೂಗಿದವನು ನಾನೇ. ನನ್ನ ಬಾಯಲ್ಲಿ ಆ ಸೀಮೆಯ ಮಾತು ಹೇಗೆ ಬಂತೋ ತಿಳಿಯದು. "ನಿನ್ ಮಗಳು! ನಿನ್ ಮಗಳು ಒಳಗೆ!"

"ನನ್ ಮಗಳು ರೊಪ್ಪದಾಗೆ ಐದಾಳೆ," ಎಂದ ಅವನು. ಕೋಲು ಮೇಲೆಯೇ ಇತ್ತು.

ಒಳಗಿನಿಂದ "ಅಪ್ಪೋ" ಎಂಬ ಸಣ್ಣ ದನಿ ಬಂತು.

ಅವನ ಮುಖ ಏನಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಕೋಲು ಬಿದ್ದುಹೋಯಿತು. ಹೆಗಲ ಕಂಬಳಿ ಎಳೆದು ತಲೆಗೆ ಸುತ್ತಿಕೊಂಡು ನಮ್ಮಿಬ್ಬರನ್ನೂ ದಾಟಿ ಒಳಗೆ ನುಗ್ಗಿದ. ಸೂರಿನಿಂದ ಉರಿಯುವ ಹುಲ್ಲು ಕಂತೆಕಂತೆಯಾಗಿ ಉದುರುತ್ತಿತ್ತು. ಹೊಗೆಯಲ್ಲಿ ಏನೂ ಕಾಣಲಿಲ್ಲ. ಬೆಂಕಿ ಇಟ್ಟ ಯುವಕನೇ ಹಿಂದಕ್ಕೆ ಓಡಿ ತಡಿಕೆಯನ್ನು ಕೈಯಿಂದ ಕೀಳತೊಡಗಿದ. ನಾಲ್ಕಾರು ಜನ ಸೇರಿದರು. ತಡಿಕೆ ಹರಿದು ಬಿದ್ದಾಗ ಅಪ್ಪ ಮಗಳು ಒಂದೇ ಕಂಬಳಿಯಲ್ಲಿ ಸುತ್ತಿಕೊಂಡು ಹೊರಗೆ ಉರುಳಿದರು. ಉಣ್ಣೆ ಸುಟ್ಟ ವಾಸನೆ ಬಯಲಿಡೀ ಹರಡಿತು. ಜನ ಶಾಲೆಯ ಮರಳನ್ನೇ ಬೊಗಸೆಯಲ್ಲಿ ಬಾಚಿ ಬೆಂಕಿಗೆ ಎರಚಿದರು. ಅರ್ಧ ಚಪ್ಪರ ಉಳಿಯಿತು.

ಹುಡುಗಿಗೆ ಕೂದಲ ತುದಿ ಕಮರಿತ್ತು, ಅಷ್ಟೇ. ತಂದೆಯ ಎರಡೂ ಮುಂಗೈ ಬೊಬ್ಬೆಯೆದ್ದಿದ್ದವು. ಮೇಷ್ಟ್ರು ಒಂದು ಬಂಡೆಗೆ ಒರಗಿ ಮುರಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕೂತಿದ್ದರು. ಮುಖ ಬೂದಿಯಾಗಿತ್ತು. ಬಂದವರಲ್ಲಿ ಒಬ್ಬರೂ ಹೋಗಲಿಲ್ಲ. ಯಾರಾದರೂ ಏನಾದರೂ ಹೇಳಿದರೆ ಮತ್ತೆ ಶುರುವಾಗುತ್ತದೆಯೋ ಎಂದು ನಾನು ಮೇಷ್ಟ್ರ ಪಕ್ಕ ಬಿಟ್ಟು ಕದಲಲಿಲ್ಲ.

ನೇಯುವವರ ಸಾಲಿನ ಒಬ್ಬ ಮುದುಕಿ ಗುಂಪು ಸರಿಸಿಕೊಂಡು ಬಂದು ಹುಡುಗಿಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. "ಏಮಿ ರಾಸ್ನಾವೇ ತಲ್ಲಿ?" ಎಂದಳು. ಹುಡುಗಿಗೆ ಆ ತೆಲುಗು ತಿಳಿಯಲಿಲ್ಲ. ಮುದುಕಿ ಕನ್ನಡದಲ್ಲಿ ಕೇಳಿದಳು: "ನಿಮ್ ಕಲ್ಲ ಮ್ಯಾಲೆ ಏನ್ ಬರ್ದೆ ಹೇಳವ್ವ. ಹೆದರಬ್ಯಾಡ."

"ತವರ್ಮನೆ," ಎಂದಳು ಹುಡುಗಿ.

"ಯಾಕವ್ವ ಅದನ್ನ ಬರ್ದೆ?"

"ಮನೆ ಇರೋ ಮಾತು ತರ್ರಿ ಅಂದ್ರು ಮೇಷ್ಟ್ರು. ಅವ್ವ ನನ್ನ ಕರ್ಕೊಂಡು ಹೋಗ್ತಿದ್ದಳಲ್ಲ, ದೇವಸಮುದ್ರದ ಕಡೀಗೆ. ಅದನ್ನ ಬರ್ದೆ. ಅಪ್ಪಂಗೆ ತೋರ್ಸಣ ಅಂತ."

ತಂದೆ ಕೈಗಳನ್ನು ಮೇಲಕ್ಕೆತ್ತಿ ಹಿಡಿದು ಕೂತಿದ್ದ. ಬೊಬ್ಬೆಯೆದ್ದ ಕೈಯಲ್ಲಿ ಮುಖ ಮುಚ್ಚಿಕೊಳ್ಳಲೂ ಆಗುತ್ತಿರಲಿಲ್ಲ.

"ಹಂಗಾದ್ರೆ ನಮ್ಮುಂದೆ ಏನ್ ಬರ್ದೈತೆ?" ಎಂದಳು ಮುದುಕಿ ಎದ್ದು. "ಬರ್ರಿ, ಓದ್ಸಣ. ಯಾವ್ ಮಗು ಬರ್ದೈತೋ ಅದೇ ಓದ್ಲಿ."

ಗುಂಪು ಗುಡಿಸಲಿನಿಂದ ಗುಡಿಸಲಿಗೆ ನಡೆಯಿತು. ಹೆದರಿದ ಮಕ್ಕಳು ಬಾಗಿಲ ಕಲ್ಲಿನ ಮುಂದೆ ನಿಂತು, ಬೆರಳಿಟ್ಟು ಬಿಡಿಬಿಡಿಯಾಗಿ ಓದಿದವು. ಅಡಿಗೆ, ಮನೆ. ದೇವರ, ಮನೆ. ದೊಡ್ಡವರು ಬಗ್ಗಿ, ಮಗುವಿನ ಬೆರಳು ಎಲ್ಲಿದೆಯೋ ಅಲ್ಲಿಗೆ ಕಣ್ಣು ಕೀಲಿಸಿ ಕೇಳುತ್ತಿದ್ದರು. ಎರಡು ಮೂರು ಕಲ್ಲು ಕಳೆಯುವಷ್ಟರಲ್ಲಿ ಮನೆ ಎಂಬ ತುಂಡು ಎಲ್ಲರಿಗೂ ಗುರುತಾಯಿತು. ಮುಂದಿನ ಕಲ್ಲಿನ ಬಳಿ ಮಗು ಬಾಯಿ ತೆರೆಯುವ ಮೊದಲೇ ಒಬ್ಬ ನೇಕಾರ, "ಇಲ್ಲೂ ಐತೆ ನೋಡು" ಎಂದು ಮೆಲ್ಲಗೆ ಹೇಳಿದ.

ಬೇಸಾಯದವರ ಸಾಲಿನಲ್ಲಿ ಒಬ್ಬ ಹುಡುಗ ಬಾಯಿ ಬಿಡಲೇ ಇಲ್ಲ. ಬೆಂಕಿ ಇಟ್ಟ ಯುವಕ ಅವನ ಸೋದರಮಾವ.

"ಓದ್ಲೇ."

"ಬ್ಯಾಡ ಮಾವ."

"ಓದ್ತೀಯೋ ಇಲ್ವೋ?"

"ಮನೆ," ಎಂದ ಹುಡುಗ. ಆಮೇಲೆ ಉಸಿರು ಬಿಗಿಹಿಡಿದು, "ಹಾಳ" ಎಂದ. "ನಿಂಗೆ ಅಜ್ಜಿ ದಿನಾ ಅಂತಾಳಲ್ಲ, ಅದು."

ಯಾರೋ ಒಬ್ಬ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡಳು. ನಗು ತಡೆಯಲಾರದೆ ಬಂತು, ಬಂದ ಕೂಡಲೇ ಅಳುವಾಯಿತು. ಆ ಯುವಕ ನಗಲಿಲ್ಲ. ಮಸಿಯಾದ ಕೈಗಳನ್ನು ನೋಡಿಕೊಳ್ಳುತ್ತ, "ಸರಿಯಾಗೇ ಬರ್ದಾನೆ" ಎಂದು ಹೇಳಿ ಗುಡಿಸಲೊಳಗೆ ಹೋದ.

ಮೇಷ್ಟ್ರ ಕೈಗೆ ಬಿ.ಜಿ. ಕೆರೆ ಕಡೆಯಿಂದ ಮೂಳೆ ಕಟ್ಟುವವನೊಬ್ಬ ಬಂದು ಬಿದಿರ ದಬ್ಬೆ ಕಟ್ಟಿದ. ಸುದ್ದಿ ತಿಳಿದು ಕಚೇರಿಯವರೂ ಬಂದರು. ಚಪ್ಪರ ಹೇಗೆ ಸುಟ್ಟಿತು, ಕೈ ಹೇಗೆ ಮುರಿಯಿತು ಎಂದು ವಿಚಾರಿಸಿದರು. ಅಲ್ಲಿದ್ದವರ ಮುಖ ಬಿಳಚಿಕೊಂಡಿತು. "ಪಕ್ಕದ ಒಲೆಯ ಕಿಡಿ ಹಾರಿತು. ಆರಿಸಲು ಹೋಗಿ ಜಾರಿ ಬಿದ್ದೆ" ಎಂದರು ಮೇಷ್ಟ್ರು. ಕಚೇರಿಯವರು ನನ್ನ ಕಡೆ ನೋಡಿದರು. ನಾನು ಹೌದೆಂದೆ. ಆಗ ಹಾಗೆ ಹೇಳಿದ್ದು ಸರಿಯೆಂದೇ ಇಂದಿಗೂ ತಿಳಿದಿದ್ದೇನೆ.

ಮರುದಿನ ಶಾಲೆಗೆ ಯಾರೂ ಬರಲಿಲ್ಲ. ಮೇಷ್ಟ್ರು ಕೈಯನ್ನು ಕೊರಳಿಗೆ ಕಟ್ಟಿಕೊಂಡು ಅರ್ಧ ಚಪ್ಪರದ ಕೆಳಗೆ ಕೂತರು. ನಾನು ಅವರ ಪಕ್ಕ ಕೂತೆ. "ನೀವು ಗುಡಿಸಲಿಗೆ ಹೋಗಿ ಮಲಗ್ರಿ" ಎಂದೆ. ಕೇಳಲಿಲ್ಲ. ಅದರ ಮರುದಿನವೂ ಹಾಗೆಯೇ. ಇಷ್ಟಕ್ಕೇ ಶಾಲೆ ಮುಗಿಯಿತೆಂದು ಅಕ್ಕನಿಗೆ ಹೇಳಿದ್ದೆ. ಮೂರನೆಯ ಬೆಳಗು ಕುರಿಯವನು ಮಗಳನ್ನು ಮುಂದೆ ಬಿಟ್ಟುಕೊಂಡು ಬಂದ. ಕೈಗಳಿಗೆ ಎಲೆಯ ಪಟ್ಟಿ. ಕೋಲಿರಲಿಲ್ಲ. ಮೇಷ್ಟ್ರಿಗೆ ನಮಸ್ಕಾರ ಮಾಡಲಿಲ್ಲ, ಏನನ್ನೂ ಕೇಳಿಕೊಳ್ಳಲಿಲ್ಲ. ಮಗಳನ್ನು ಮರಳಿನ ಬಳಿ ಕೂರಿಸಿ, ತಾನು ಚಪ್ಪರದ ಕಂಬಕ್ಕೆ ಒರಗಿ ಕೂತ. ಅದನ್ನು ಉಳಿದವರು ತಮ್ಮ ಗುಡಿಸಲುಗಳಿಂದ ನೋಡುತ್ತಿದ್ದರು.

ಮೇಷ್ಟ್ರು ಒಂದು ಮಾತು ಹೇಳಿದರು. ಬರೆಯಲು ಅವರ ಕೈ ಬರುವಂತಿರಲಿಲ್ಲ. ಹುಡುಗಿ ಬೆರಳು ಮುಂದೆ ಮಾಡಿದಳು.

"ಬರಿಯೋಕೆ ಮುಂಚೆ ಹೇಳು," ಎಂದ ತಂದೆ ಕಂಬದ ಬಳಿಯಿಂದ. "ಏನ್ ಬರೀತೀಯ ಅಂತ ಹೇಳಿ ಬರಿ."

ಅವಳು ಗಟ್ಟಿಯಾಗಿ ಹೇಳಿದಳು. ಆಮೇಲೆ ಬರೆದಳು. ಅಂದಿನಿಂದ ಆ ಬಯಲ ಶಾಲೆಯಲ್ಲಿ ಅದೇ ಪದ್ಧತಿಯಾಯಿತು. ದೂರದಲ್ಲಿ ಕಾಳು ಹಸನು ಮಾಡುತ್ತ ಕೂತವರಿಗೂ ಕೇಳುವಂತೆ ಮಾತನ್ನು ಮೊದಲು ಕೂಗಿ ಹೇಳಬೇಕು, ಅದರ ತುಂಡುಗಳನ್ನು ಹೇಳಬೇಕು, ಆಮೇಲೆ ಮರಳಿಗೆ ಕೈ ಹಚ್ಚಬೇಕು. ಮಕ್ಕಳು ಒಬ್ಬೊಬ್ಬರಾಗಿ ಮರಳಿದವು. ಕೆಲವರ ಜೊತೆ ಅಜ್ಜಿಯರೂ ಬಂದು ಕೂರತೊಡಗಿದರು.

ಕಾಲೇಜು ತೆರೆಯಿತೆಂದು ಕಾಗದ ಬಂದಾಗ ನಾನು ಹೊರಟೆ. ಮೇಷ್ಟ್ರ ದಬ್ಬೆ ಬಿಚ್ಚಿದ್ದರು. ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಎಡಗೈಯಲ್ಲಿ ನನ್ನ ಬೆನ್ನು ತಟ್ಟಿದರು. ಚಳ್ಳಕೆರೆಯ ಗಾಡಿ ಕುರಿಯವರ ಸಾಲಿನ ಮುಂದೆಯೇ ಹಾದು ಹೋಗಬೇಕಿತ್ತು. ಹುಡುಗಿಯ ತಂದೆ ಬಾಗಿಲಲ್ಲಿ ನಿಂತಿದ್ದ. ಅವನ ಕಾಲ ಬಳಿಯ ಕಲ್ಲಿನ ಮೇಲೆ ಹೊಸದಾಗಿ ಇದ್ದಿಲಲ್ಲಿ ಏನೋ ಬರೆದಿತ್ತು. ಕಂಡ ಕೂಡಲೇ ಗಾಡಿ ನಿಲ್ಲಿಸಲು ಹೇಳಿದೆ.

ಅವನು ನನ್ನನ್ನು ನೋಡಿ, ಕಾಲಿನ ಹೆಬ್ಬೆರಳಿನಿಂದ ತೋರಿಸಿದ. "ಇದು ಕುರಿ. ಇದು ಕಾಯೋನು. ಎರಡೂ ಕೂಡಿದ್ರೆ ಕುರಿಗಾಹಿ. ನನ್ ಮಗಳು ಬರ್ದಾಳೆ. ನಂಗೆ ಹೇಳೇ ಬರ್ದಳು."

ನಾನು ಬಗ್ಗಿ ಓದಿ ತಲೆಯಾಡಿಸಿದೆ. ಅಷ್ಟರಲ್ಲಿ ದೂರದಲ್ಲಿ, ಊರಿನ ದಾರಿಯಲ್ಲಿ, ಪ್ಲೇಗಿನ ಕಚೇರಿಯವರ ಗಾಡಿ ಧೂಳೆಬ್ಬಿಸಿಕೊಂಡು ಬರುವುದು ಕಂಡಿತು. ಅವನೂ ಅದನ್ನು ನೋಡಿದ. ಕೂತು, ಕಂಬಳಿಯ ತುದಿಯಿಂದ ಕಲ್ಲನ್ನು ಉಜ್ಜಿದ. ಆತುರಪಡಲಿಲ್ಲ. ಮೊದಲು ಒಂದು ತುಂಡು, ಆಮೇಲೆ ಇನ್ನೊಂದು ತುಂಡು ಅಳಿಸಿದ. ಕೈಯ ಸುಟ್ಟ ಗಾಯ ಇನ್ನೂ ಪೂರ್ತಿ ಮಾದಿರಲಿಲ್ಲ.

"ಹೋಗಿ ಬರ್ರಿ," ಎಂದ, ತಲೆ ಎತ್ತದೆ. "ಅವ್ರು ಹೋದ ಮ್ಯಾಲೆ ಮತ್ತೆ ಬರೀತಾಳೆ."